ಭತ್ತಕ್ಕೆ ಒಟ್ಟು ಎಷ್ಟು ವಂಶವಾಹಿಗಳು?

ಪ್ರಶ್ನೆ: ಭತ್ತದ ವಂಶವಾಹಿಗಳನ್ನು 2005ರಲ್ಲೇ ಪೂರ್ತಿ ಓದಿ ಮುಗಿಸಿದರೆಂದು ಕೇಳಿದ್ದೇನೆ. ಆದರೂ ಅವುಗಳ ಸಂಖ್ಯೆಯನ್ನು ಕೆಲವರು 37 ಸಾವಿರ ಎನ್ನುತ್ತಾರೆ, ಕೆಲವರು 56 ಸಾವಿರ ಎನ್ನುತ್ತಾರೆ. ಯಾವುದು ಸರಿ? ಈ ಪಟ್ಟಿಯಿಂದ ರೈತರಿಗೇನು ಲಾಭ?
– ಓದುಗರೊಬ್ಬರು, ಗಂಗಾವತಿ

ಉತ್ತರ: 2005ರಲ್ಲಿ ಮುಗಿದದ್ದು ಓದುವ ಕೆಲಸ, ಪಟ್ಟಿ ಮಾಡುವ ಕೆಲಸ ಇನ್ನೂ ನಡೆದಿದೆ. ಜಪಾನಿನ ಮುಂದಾಳತ್ವದಲ್ಲಿ ಹತ್ತು ದೇಶಗಳು ಭತ್ತದ 12 ವರ್ಣತಂತುಗಳನ್ನು ಹಂಚಿಕೊಂಡು, ಸುಮಾರು 38.9 ಕೋಟಿ ಬೇಸ್ ಜೋಡಿಗಳ (ಏಣಿಯ ಮೆಟ್ಟಿಲುಗಳಂತೆ ಸಾಲಾಗಿರುವ ಘಟಕಗಳ) ಡಿಎನ್‌ಎಯನ್ನು ಬಹುಮಟ್ಟಿಗೆ ಓದಿದವು. ಹನ್ನೊಂದನೆಯ ವರ್ಣತಂತುವಿನ ಒಂದು ಭಾಗವನ್ನು ದೆಹಲಿಯ ವಿಜ್ಞಾನಿಗಳು ಓದಿದರು.

ಆದರೆ ಆ ಉದ್ದನೆಯ ಸಾಲಿನಲ್ಲಿ ವಂಶವಾಹಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲು ಕಂಪ್ಯೂಟರ್ ಊಹಿಸಬೇಕು. ಆ ಊಹೆಯನ್ನು ಗಿಡದಲ್ಲಿ ನಿಜವಾಗಿ ತಯಾರಾಗುವ, ವಂಶವಾಹಿಯ ನಕಲಾದ ಆರ್‌ಎನ್‌ಎಯೊಡನೆ ಹೋಲಿಸಿ ತಿದ್ದಬೇಕು. ತನ್ನ ಜಾಗ ಬದಲಿಸುತ್ತ, ಪ್ರತಿ ಹೆಚ್ಚಿಸಿಕೊಳ್ಳುವ ಡಿಎನ್‌ಎ ತುಣುಕುಗಳೂ ನೋಡಲು ವಂಶವಾಹಿಯಂತೆಯೇ ಇರುತ್ತವೆ. ನೀವು ಕಂಡ 56 ಸಾವಿರದಲ್ಲಿ ಅವೂ ಸೇರಿವೆ. ಅವನ್ನು ಕಳೆದರೆ ಅದೇ ಪಟ್ಟಿಯಲ್ಲಿ ಉಳಿಯುವುದು 39,045. 2005ರ ಎಣಿಕೆಯಲ್ಲಿ ಇದು 37,544 ಆಗಿತ್ತು. ಹಾಗಾಗಿ ಎರಡು ಲೆಕ್ಕಗಳ ನಡುವಿನ ಅಂತರ ತೋರುವಷ್ಟು ದೊಡ್ಡದಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕೊರತೆ ಬೇರೊಂದಿದೆ. ಅಂದು ಓದಿದ್ದು ನಿಪ್ಪೋನ್‌ಬಾರೆ ಎಂಬ ಒಂದೇ ಜಪಾನಿ ತಳಿಯನ್ನು. ಒಡಿಶಾದ ನಾಟಿ ತಳಿಯಿಂದ ಆಯ್ದ ಎಫ್‌ಆರ್ 13ಎ ಭತ್ತ ಎರಡು ವಾರ ನೀರಿನಡಿ ಮುಳುಗಿದ್ದರೂ ಚೇತರಿಸಿಕೊಳ್ಳುತ್ತದೆ. ಇದಕ್ಕೆ ಕಾರಣವಾದ ಅಂಶ ಒಂಬತ್ತನೆಯ ವರ್ಣತಂತುವಿನಲ್ಲಿದೆ ಎಂದು 1996ರಲ್ಲೇ ತಿಳಿದಿತ್ತು; 2006ರಲ್ಲಿ ಆ ವಂಶವಾಹಿಯನ್ನೇ, ಅಂದರೆ ಸಬ್1ಎಯನ್ನು, ಗುರುತಿಸಿದಾಗ ಅದು ನಿಪ್ಪೋನ್‌ಬಾರೆಯಲ್ಲಿ ಇಲ್ಲವೇ ಇಲ್ಲ ಎಂಬುದು ಸ್ಪಷ್ಟವಾಯಿತು. ನೀರಿನಡಿ ಸಿಲುಕಿದ ಸಾಮಾನ್ಯ ಭತ್ತ ಮೇಲೇರುವ ಆತುರದಲ್ಲಿ ಬೆಳೆಬೆಳೆದು ಕೂಡಿಟ್ಟ ಸಕ್ಕರೆಯನ್ನೆಲ್ಲ ಖರ್ಚು ಮಾಡಿಕೊಂಡು ಸಾಯುತ್ತದೆ. ಸಬ್1ಎ ಇರುವ ಗಿಡ ಬೆಳವಣಿಗೆಯನ್ನು ತಡೆದು ಕಾಯುತ್ತದೆ. ಈ ವಂಶವಾಹಿಯನ್ನು ಕೇವಲ ಸಂಕರಣದಿಂದ, ಪ್ರತಿ ಪೀಳಿಗೆಯ ಸಸಿಗಳ ಡಿಎನ್‌ಎಯಲ್ಲಿ ಅದರ ಗುರುತು ಹುಡುಕುತ್ತ, ನಮ್ಮ ಸ್ವರ್ಣ ತಳಿಗೆ ಸೇರಿಸಲಾಯಿತು. ಹಾಗೆ ಬಂದ ಸ್ವರ್ಣ-ಸಬ್1 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. (ಇದು ಕುಲಾಂತರಿಯಲ್ಲ.) ರೈತರಿಗೆ ಸಿಕ್ಕ ಲಾಭಕ್ಕೆ ಇದೇ ಒಳ್ಳೆಯ ಉದಾಹರಣೆ. ಒಂದೇ ತಳಿಯ ಪಟ್ಟಿ ಸಾಲದೆಂದೇ ಮುಂದೆ ಮೂರು ಸಾವಿರ ತಳಿಗಳ ಡಿಎನ್‌ಎ ಓದಿ, ಆ ಮಾಹಿತಿಯನ್ನು 2014ರಲ್ಲಿ ಎಲ್ಲರಿಗೂ ತೆರೆದಿಡಲಾಯಿತು.

ಪ್ರಶ್ನೆ: ಗೋಧಿಯ ವಂಶವಾಹಿಗಳ ಪಟ್ಟಿಗೆ ಏಕೆ ಅಷ್ಟು ತಡವಾಯಿತು?
– ಓದುಗರೊಬ್ಬರು, ಧಾರವಾಡ

ಉತ್ತರ: ರೊಟ್ಟಿ ಗೋಧಿಯಲ್ಲಿ ಮೂರು ಹುಲ್ಲುಜಾತಿಗಳ ವರ್ಣತಂತುಗಳು ಒಟ್ಟಿಗಿವೆ. ಅದರ ಡಿಎನ್‌ಎ ಸುಮಾರು 1,600 ಕೋಟಿ ಬೇಸ್ ಜೋಡಿಗಳಷ್ಟಿದ್ದು, ಶೇಕಡಾ 80ಕ್ಕೂ ಹೆಚ್ಚು ಭಾಗ ಪುನರಾವರ್ತನೆಯೇ ಆಗಿದೆ. ಒಂದನ್ನೊಂದು ಹೋಲುವ ತುಣುಕುಗಳಲ್ಲಿ ಯಾವುದು ಯಾವ ಪೂರ್ವಜನದ್ದೆಂದು ಬಿಡಿಸುವುದೇ ಕಷ್ಟವಾಗಿ, 1,07,891 ವಂಶವಾಹಿಗಳ ಪಟ್ಟಿ 2018ರಲ್ಲಷ್ಟೇ ಹೊರಬಂದಿತು.