ಚೀಟಿ ಕೊಟ್ಟ ಮೇಲೆ ಏನಾಯಿತು ಎಂಬುದನ್ನೇ ಸಂಶೋಧಿಸಿ

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು. ಧಾರವಾಡದಲ್ಲಿ ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದೇನೆ. ಸಕ್ಕರೆ ಕಾಯಿಲೆಯವರ ಅಕ್ಷಿಪಟಲದ (ಕಣ್ಣಿನ ಒಳಹಿಂಭಾಗದ ಪರದೆಯ) ಚಿತ್ರ ತೆಗೆದು, ಕೃತಕ ಬುದ್ಧಿಮತ್ತೆಯಿಂದ ದೋಷ ಗುರುತಿಸುವ ತಪಾಸಣೆಯ ನೈತಿಕ ಅಂಶಗಳ ಮೇಲೆ ಪ್ರಬಂಧ ಬರೆಯಬೇಕೆಂದಿದ್ದೇನೆ. ಆಸ್ಪತ್ರೆಯಲ್ಲಿರುವ ಹಳೆಯ ಚಿತ್ರಗಳನ್ನಷ್ಟೇ ಬಳಸಿದರೂ ನೈತಿಕ ಸಮಿತಿಯ ಅನುಮತಿ ಬೇಕೆ? ಯಂತ್ರ ತಪ್ಪಿದರೆ ಹೊಣೆ ಯಾರದು? ಇಷ್ಟು ದೊಡ್ಡ ವಿಷಯದಲ್ಲಿ ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಈ ವಿಷಯ ಆರಿಸಿಕೊಳ್ಳುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಯಂತ್ರದ ನಿಖರತೆಯನ್ನೇ ಹಿಡಿದು ಕೂರುತ್ತಾರೆ. ಅದರ ಮೇಲೆ ಸಾಕಷ್ಟು ಕೆಲಸ ಆಗಿದೆ. 2016ರಲ್ಲಿ ‘ಜಾಮಾ’ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಗೂಗಲ್ ಸಂಶೋಧಕರ ಅಧ್ಯಯನ ಇಂಥ ಯಂತ್ರ ನೇತ್ರತಜ್ಞರಿಗೆ ಸರಿಸಮನಾಗಿ ಚಿತ್ರ ಓದಬಲ್ಲದು ಎಂದು ತೋರಿಸಿತು. ಆ ಯಂತ್ರಕ್ಕೆ ಕಲಿಸಲು ಬಳಸಿದ ಚಿತ್ರಗಳಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆ, ಶಂಕರ ನೇತ್ರಾಲಯ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯದ ಚಿತ್ರಗಳೂ ಇದ್ದವು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ವೈದ್ಯರು ಚಿತ್ರ ನೋಡದೆಯೇ ಫಲಿತಾಂಶ ಕೊಡುವ ಯಂತ್ರವೊಂದಕ್ಕೆ ಅನುಮತಿ ಕೊಟ್ಟಿತು. ಯಂತ್ರ ಚಿತ್ರ ಓದುತ್ತದೆಯೇ ಎಂಬುದು ಈಗ ಹಳೆಯ ಪ್ರಶ್ನೆ. ‘ಕಣ್ಣಿನ ವೈದ್ಯರಿಗೆ ತೋರಿಸಿ’ ಎಂದು ಯಂತ್ರ ಚೀಟಿ ಕೊಟ್ಟ ಮೇಲೆ ಆ ವ್ಯಕ್ತಿಗೆ ಏನಾಯಿತು, ಚಿತ್ರವೇ ಸರಿಯಾಗಿ ಬಾರದವರಿಗೆ ಏನಾಯಿತು ಎಂಬುದನ್ನು ನೀವು ಹುಡುಕಿ.

ಎರಡನೆಯದು ನನ್ನ ಮನಸ್ಸಿನಲ್ಲಿ ಉಳಿದಿರುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮುಂಡರಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ತಪಾಸಣಾ ಶಿಬಿರ ನಡೆದಿತ್ತು. ಔಷಧದ ಹನಿ ಹಾಕದೆ ಚಿತ್ರ ತೆಗೆಯಬೇಕಾದರೆ ಕೋಣೆ ಕತ್ತಲಾಗಿರಬೇಕು, ಇಲ್ಲದಿದ್ದರೆ ಕಣ್ಣಿನ ಪಾಪೆ ಹಿಗ್ಗುವುದಿಲ್ಲ. ಹಾಗಾಗಿ ಕಿಟಕಿಗಳಿಗೆ ಜಮಖಾನ ಇಳಿಬಿಟ್ಟಿದ್ದೆವು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದ ಒಬ್ಬ ಅಜ್ಜನ ಎರಡೂ ಕಣ್ಣಿನಲ್ಲಿ ಪೊರೆ ಬೆಳೆದಿತ್ತು. ಮೂರು ಸಲ ಚಿತ್ರ ತೆಗೆದರೂ ಪರದೆಯ ಮೇಲೆ ‘ಚಿತ್ರ ಸ್ಪಷ್ಟವಾಗಿಲ್ಲ’ ಎಂದೇ ಬಂತು. ಫ್ಲ್ಯಾಶ್ ಬೆಳಕಿಗೆ ನೀರಾಡುತ್ತಿದ್ದ ಕಣ್ಣನ್ನು ಧೋತರದ ಚುಂಗಿನಿಂದ ಒರೆಸಿಕೊಂಡು ಅವರು ಕೇಳಿದರು: “ಹಂಗಾರ ಮಷಿನ್ಯಾಗ ಏನೂ ಕಾಣಲಿಲ್ಲನ್ರೀ ಸಾಹೇಬ್ರ? ಆತು ಬಿಡ್ರಿ, ಚಲೋ ಆತು.” ಯಂತ್ರಕ್ಕೆ ಕಾಣಲಿಲ್ಲ ಎಂಬುದನ್ನು ಅವರು ದೋಷವಿಲ್ಲ ಎಂದು ತಿಳಿದಿದ್ದರು. ನಾನು ವಹಿಯಲ್ಲಿ ಅವರ ಹೆಸರಿನ ಮುಂದೆ ಒಂದು ಅಡ್ಡಗೆರೆ ಎಳೆದು ಮುಂದಿನವರನ್ನು ಕರೆದೆ. ಸಂಜೆಯ ಲೆಕ್ಕದಲ್ಲಿ ಫಲಿತಾಂಶ ಬಂದವರಷ್ಟೇ ಇದ್ದರು, ಅಡ್ಡಗೆರೆಯವರು ಇರಲಿಲ್ಲ. ಎಲ್ಲರಿಗಿಂತ ಮೊದಲು ವೈದ್ಯರ ಬಳಿ ಹೋಗಬೇಕಾದವರೇ ಅವರಾಗಿದ್ದರು.

ಇದು ನಮ್ಮ ಭಾಗಕ್ಕಷ್ಟೇ ಸೀಮಿತವಾದ ತೊಂದರೆಯಲ್ಲ. ಗೂಗಲ್ ಸಂಶೋಧಕರು ಥಾಯ್ಲೆಂಡಿನ ಚಿಕಿತ್ಸಾಲಯಗಳಲ್ಲಿ ಇದೇ ಬಗೆಯ ಯಂತ್ರ ಬಳಸಿ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೊದಲ ಆರು ತಿಂಗಳ 1838 ಚಿತ್ರಗಳಲ್ಲಿ ಶೇ. 21ರಷ್ಟನ್ನು ಯಂತ್ರ ಓದಲು ಒಪ್ಪಲಿಲ್ಲ. ಕೋಣೆಯ ಬೆಳಕು ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಚಿತ್ರ ಬಾರದವರನ್ನು ತಜ್ಞರ ಬಳಿ ಕಳಿಸಬೇಕೆಂಬುದು ನಿಯಮವಾಗಿದ್ದರಿಂದ, ದೋಷವಿಲ್ಲದವರೂ ದೂರದ ಆಸ್ಪತ್ರೆಗೆ ಅಲೆಯಬೇಕಾಗುತ್ತಿತ್ತು. ಅವರನ್ನು ಕಳಿಸಿದರೆ ಒಂದು ಬಗೆಯ ಹಾನಿ, ಬಿಟ್ಟರೆ ಇನ್ನೊಂದು ಬಗೆಯ ಹಾನಿ. ನಿಮ್ಮ ಪ್ರಬಂಧ ತೂಗಬೇಕಾದದ್ದು ಇವೆರಡನ್ನು.

ಅಲೆದಾಟದ ತೂಕ ಎಷ್ಟೆಂದು ತಿಳಿಯಲು ಸಣ್ಣ ಲೆಕ್ಕವೊಂದನ್ನು ಮಾಡಿ ನೋಡೋಣ. ಸಾವಿರ ಸಕ್ಕರೆ ಕಾಯಿಲೆಯವರಲ್ಲಿ ನೂರು ಜನರಿಗೆ ಚಿಕಿತ್ಸೆ ಬೇಕಾದ ದೋಷವಿದೆ ಎಂದೂ, ಯಂತ್ರ ದೋಷವಿದ್ದವರಲ್ಲಿ ಶೇ. 90, ಇಲ್ಲದವರಲ್ಲಿ ಶೇ. 90 ಸರಿಯಾಗಿ ಹೇಳುತ್ತದೆ ಎಂದೂ ಇಟ್ಟುಕೊಳ್ಳಿ. ದೋಷವಿದ್ದ 90 ಜನರಿಗೂ, ಇಲ್ಲದ 90 ಜನರಿಗೂ ಚೀಟಿ ಸಿಗುತ್ತದೆ, ಹತ್ತು ಜನ ದೋಷವಿದ್ದೂ ಮನೆಗೆ ಹೋಗುತ್ತಾರೆ. ಅಂದರೆ ‘ಶೇ. 90 ನಿಖರ’ ಎನ್ನಿಸಿಕೊಂಡ ಯಂತ್ರ ಹುಬ್ಬಳ್ಳಿಯ ಆಸ್ಪತ್ರೆಗೆ ಕಳಿಸಿದವರಲ್ಲಿ ಅರ್ಧದಷ್ಟು ಜನ ಸುಮ್ಮನೆ ಹೋದಂತಾಯಿತು. ನಿಮ್ಮ ಬೆಟಗೇರಿಯ ನೇಕಾರರಿಗೆ ಆ ಒಂದು ದಿನವೆಂದರೆ ಮಗ್ಗ ನಿಂತ ದಿನ, ಬಸ್ಸಿನ ಖರ್ಚು, ಜೊತೆಗೆ ಬಂದ ಮಗನ ಕೂಲಿ. ಹತ್ತು ಜನರ ದೃಷ್ಟಿ ಹೋಗುವುದಕ್ಕಿಂತ ಇದು ಲೇಸು ಎಂಬುದೇ ನನ್ನ ಅಭಿಪ್ರಾಯ. ಆದರೆ ಎಷ್ಟು ಸಂಶಯ ಬಂದರೆ ಚೀಟಿ ಕೊಡಬೇಕೆಂಬ ಆ ತೀರ್ಮಾನವನ್ನು ಯಂತ್ರ ಮಾಡಿದವರು ಎಲ್ಲೋ ಕುಳಿತು ಒಂದು ಅಂಕಿಯಲ್ಲಿ ನಿಗದಿ ಮಾಡಿರುತ್ತಾರೆ, ನೇಕಾರರನ್ನು ಯಾರೂ ಕೇಳಿರುವುದಿಲ್ಲ. ನೀವು ಕೇಳಿ. ಚೀಟಿ ಪಡೆದ ನಲವತ್ತು-ಐವತ್ತು ಜನರನ್ನು ಮೂರು ತಿಂಗಳ ನಂತರ ಅವರ ಮನೆಯಲ್ಲಿ ಕಂಡು, ಆಶಾ ಕಾರ್ಯಕರ್ತೆಯರ ನೆರವು ಪಡೆದು, ಯಾರು ಹೋದರು, ಯಾರು ಹೋಗಲಿಲ್ಲ, ಏಕೆ ಎಂದು ಬರೆದುಕೊಂಡರೂ ಒಂದು ಸ್ನಾತಕೋತ್ತರ ಪ್ರಬಂಧಕ್ಕೆ ಅದು ಧಾರಾಳವಾಗುತ್ತದೆ.

ಇನ್ನು ಅನುಮತಿಯ ಮಾತು. ಹಳೆಯ ಚಿತ್ರಗಳಾದರೂ ಸಮಿತಿಯ ಮುಂದೆ ಹೋಗಲೇಬೇಕು. ಗುರುತು ತೆಗೆದ ಹಳೆಯ ದಾಖಲೆಗಳಿಗೆ ರೋಗಿಗಳ ಸಮ್ಮತಿಯಿಂದ ವಿನಾಯಿತಿ ಕೊಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಅವಕಾಶವಿದೆ, ಆದರೆ ವಿನಾಯಿತಿ ಕೊಡುವ ಅಧಿಕಾರ ಸಮಿತಿಯದೇ ಹೊರತು ಸಂಶೋಧಕರದಲ್ಲ. ಇದೇ ಮಂಡಳಿ 2023ರಲ್ಲಿ ಆರೋಗ್ಯ ಕ್ಷೇತ್ರದ ಕೃತಕ ಬುದ್ಧಿಮತ್ತೆಗೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಪ್ರಸ್ತಾವನೆ ಬರೆಯುವ ಮೊದಲು ಅದನ್ನು ಪೂರ್ತಿ ಓದಿ. ಗುರುತು ತೆಗೆಯುವುದೆಂದರೆ ಹೆಸರು ಅಳಿಸುವುದಷ್ಟೇ ಅಲ್ಲ. ಚಿತ್ರದ ಮೂಲೆಯಲ್ಲಿ ಅಚ್ಚಾದ ನೋಂದಣಿ ಸಂಖ್ಯೆ, ಕಡತದ ಹೆಸರು, ಹಳ್ಳಿ ಮತ್ತು ವಯಸ್ಸು ಒಟ್ಟಿಗೆ ಸೇರಿದರೆ ಚಿಕ್ಕ ಊರಿನಲ್ಲಿ ಮನುಷ್ಯ ಯಾರೆಂದು ತಿಳಿದೇ ಹೋಗುತ್ತದೆ. ಅಕ್ಷಿಪಟಲದ ಚಿತ್ರದಿಂದಲೇ ಗಂಡೋ ಹೆಣ್ಣೋ, ವಯಸ್ಸೆಷ್ಟು, ಬೀಡಿ-ಸಿಗರೇಟು ಸೇದುವವರೇ ಎಂಬುದನ್ನೂ ಯಂತ್ರ ಊಹಿಸಬಲ್ಲದು ಎಂದು 2018ರ ಅಧ್ಯಯನವೊಂದು ತೋರಿಸಿದೆ. ಕಣ್ಣಿನ ದೋಷ ನೋಡಲೆಂದು ಕೊಟ್ಟ ಚಿತ್ರವನ್ನು ಬೇರೆ ಕೆಲಸಕ್ಕೆ ಬಳಸುವುದಿಲ್ಲ ಎಂದು ನೀವು ಬರೆದುಕೊಡಬೇಕಾಗುತ್ತದೆ.

ಹೊಣೆಯ ವಿಚಾರದಲ್ಲಿ ನಾನು ಒಂದೇ ಮಾತು ಹೇಳಬಲ್ಲೆ. ಯಂತ್ರಕ್ಕೆ ಹೊಣೆ ಇಲ್ಲ. ಅದನ್ನು ತಯಾರಿಸಿದವರಿಗೆ, ಕೊಂಡ ಆಸ್ಪತ್ರೆಗೆ, ಫಲಿತಾಂಶ ಕೈಗಿಟ್ಟ ವೈದ್ಯರಿಗೆ ಅವರವರ ಪಾಲಿನ ಹೊಣೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗದರ್ಶಿಯೂ ವೈದ್ಯಕೀಯ ತೀರ್ಮಾನ ಮನುಷ್ಯರ ಕೈಯಲ್ಲೇ ಉಳಿಯಬೇಕೆನ್ನುತ್ತದೆ. ನೀವು ಅಧ್ಯಯನ ಮಾಡುವ ಶಿಬಿರದ ಚೀಟಿಯ ಕೆಳಗೆ ವೈದ್ಯರೊಬ್ಬರ ಹೆಸರು, ಸಹಿ, ಸಂಶಯ ಬಂದರೆ ಕರೆ ಮಾಡುವ ಸಂಖ್ಯೆ ಇದೆಯೇ ಎಂದು ನೋಡಿ. ಇಲ್ಲವಾದರೆ ಅದೇ ನಿಮ್ಮ ಮೊದಲ ಟಿಪ್ಪಣಿ.

ಸಮ್ಮತಿ ಪತ್ರವನ್ನು ಸಮಿತಿಗೆ ಕಳಿಸುವ ಮೊದಲು ನಿಮ್ಮ ಓಣಿಯ ನಾಲ್ಕಾರು ಹಿರಿಯರಿಗೆ ಓದಿ ಹೇಳಿ, ಅವರಿಗೆ ತಿಳಿದದ್ದನ್ನು ಅವರ ಮಾತಿನಲ್ಲಿ ತಿರುಗಿ ಹೇಳಿಸಿ. ‘ಚಿತ್ರ ಬರಲಿಲ್ಲ ಅಂದ್ರ ಕಣ್ಣು ಚಲೋ ಐತಿ ಅಂತ ಅಲ್ಲ’ ಎಂಬ ಮಾತು ಅವರ ಬಾಯಿಂದ ಬರುವವರೆಗೆ ಪತ್ರವನ್ನು ತಿದ್ದುತ್ತಲೇ ಇರಿ.