ದೊಡ್ಡ ಲೋನ್ ತಗೊಳ್ಳೋ ಮೊದಲು ಸ್ವಲ್ಪ ತಡೀರಿ

ಎರಡು ಕ್ರೆಡಿಟ್ ಕಾರ್ಡ್, ಒಂದು ಆ್ಯಪ್ ಸಾಲ, ಮೂರನ್ನೂ ತೀರಿಸಲು ಒಂದು ಪರ್ಸನಲ್ ಲೋನ್ ತಗೊಳ್ಳಲಾ ಅಂತ ಗದಗದಿಂದ ಕೇಳಿದ್ದೀರಿ. ಬೇಡ ಸರ್. ನಾನು ಹುಬ್ಬಳ್ಳಿಯಲ್ಲಿ ಇದನ್ನೇ ಮಾಡಿದ್ದೆ. ಕಂತು ಇಳಿಯಿತು, ಅವಧಿ ಐದು ವರ್ಷಕ್ಕೆ ಹೋಯಿತು. ಖಾಲಿಯಾದ ಕಾರ್ಡು ದೀಪಾವಳಿಗೆ ಮತ್ತೆ ತುಂಬಿತು.

ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5 ಇದ್ದರೆ ವರ್ಷಕ್ಕೆ 42 ಆಗುತ್ತೆ. ಸುಮ್ನೆ ಮಿನಿಮಮ್ ಕಟ್ಟುತ್ತಾ ಹೋದರೆ ಅಸಲು ಅಲ್ಲಾಡುವುದೇ ಇಲ್ಲ. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಅರ್ಜಿ ಕೊಡಿ. ಬಾಕಿಯನ್ನು ಕಡಿಮೆ ಬಡ್ಡಿಯ ಇಎಂಐ ಮಾಡಿಕೊಡಿ ಅಂತ ಕೇಳಿ, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ನನಗೆ ಆ ಸೀಲ್ ಬಿದ್ದ ಹಾಳೆ ಆಮೇಲೆ ತುಂಬಾ ಕೆಲಸಕ್ಕೆ ಬಂತು.

ಬಂಗಾರ ಅಡವಿಟ್ಟು ಕಾರ್ಡ್ ಮುಗಿಸಬಹುದು, ಬಡ್ಡಿ ಸಾಮಾನ್ಯವಾಗಿ ಕಡಿಮೆ. ಆದರೆ ಕಟ್ಟದಿದ್ದರೆ ಹರಾಜಾಗುತ್ತೆ. ಮನೆಯವರನ್ನು ಕೇಳದೆ ಇಡಬೇಡಿ.

ಸೆಟಲ್‌ಮೆಂಟ್ (ಬಾಕಿಯಲ್ಲಿ ಒಂದು ಭಾಗ ಕಟ್ಟಿ ಸಾಲ ಮುಗಿಸಿಕೊಳ್ಳುವುದು) ಕೊನೆಗಿರಲಿ, ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ಆ ಗುರುತು ವರ್ಷಗಟ್ಟಲೆ ಉಳಿಯುತ್ತೆ. ಮಾಡಲೇಬೇಕಾದರೆ ರಾಜಿ ಮಾಡಿಸುವ ಲೋಕ ಅದಾಲತ್ ಒಳ್ಳೆಯದು, ಶುಲ್ಕವಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವ ಹಾಗಿಲ್ಲ, ಇದು ಆರ್‌ಬಿಐ ನಿಯಮ. ಮಾಡಿದರೆ ಸಮಯ ಬರೆದಿಟ್ಟು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಬರೆಯಿರಿ.