ಸುರಿಯುವ ಹಿಮದಲ್ಲೂ ಸಲಿಕೆ ಹಿಡಿದವರು ದಪ್ಪ ಜಾಕೆಟ್ ಬಿಚ್ಚಿಡುವುದೇಕೆ?

ಬೆವರಬಾರದು ಎಂದು. ಹಿಮದಲ್ಲಿ ಮೈಮುರಿದು ದುಡಿಯುವವರು ಚಳಿಗಿಂತ ಒದ್ದೆ ಬಟ್ಟೆಗೆ ಹೆಚ್ಚು ಹೆದರಬೇಕು.

ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ. ಬೆವರಿದರೆ ಆ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಸಲಿಕೆ ಆಡುತ್ತಿರುವಷ್ಟು ಹೊತ್ತು ಇದು ಗೊತ್ತೇ ಆಗುವುದಿಲ್ಲ, ಸ್ನಾಯುಗಳೇ ಒಲೆಯಂತೆ ಶಾಖ ಕೊಡುತ್ತಿರುತ್ತವೆ. ಚಹಾಕ್ಕೆಂದು ಕೂತ ಸ್ವಲ್ಪ ಹೊತ್ತಿಗೆ ಬೆನ್ನಿಗಂಟಿದ ಅಂಗಿ ತಣ್ಣಗೆ ಕೊರೆಯತೊಡಗುತ್ತದೆ. ಮೊದಲು ನಡುಕ, ಆಮೇಲೆ ಗುಂಡಿ ಹಾಕಲೂ ಬಾರದ ಬೆರಳು, ತೊದಲುವ ಮಾತು. ದೇಹದೊಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಈ ಸ್ಥಿತಿಯೇ ಹೈಪೋಥರ್ಮಿಯಾ. ಮಾತು ತೊದಲಿದವರನ್ನು 'ಸುಸ್ತಾಗಿದೆ' ಎಂದು ಬಿಟ್ಟುಬಿಡಬೇಡಿ, ಕೂಡಲೇ ಒಳಗೆ ಕರೆದೊಯ್ದು ಒಣಬಟ್ಟೆ ಹಾಕಿ, ವೈದ್ಯರನ್ನು ಕರೆಸಿ.

ಶ್ರೀನಗರ–ಲೇಹ್ ದಾರಿಯ ಜೋಜಿ ಲಾ ಎಂಬ ಕಣಿವೆಮಾರ್ಗ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಗಡಿ ರಸ್ತೆ ಸಂಸ್ಥೆಯವರು ಅಲ್ಲಿ ಯಂತ್ರಗಳಿಂದ ಹಿಮ ಸರಿಸುತ್ತಾರೆ. ಅಂಥ ಎತ್ತರದಲ್ಲಿ ಗಾಳಿಯೂ ಸೇರಿದರೆ ಒದ್ದೆ ಮೈ ಇನ್ನೂ ಬೇಗ ತಣ್ಣಗಾಗುತ್ತದೆ.

ನಮ್ಮೂರಿನ ಹತ್ತಿ ಬನಿಯನ್ ಅಲ್ಲಿ ಬೇಡವೇ ಬೇಡ, ಅದು ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಬಿಚ್ಚಿಟ್ಟ ಜಾಕೆಟ್ಟನ್ನು ಹಿಮ ತಾಗದ ಕಡೆ ಇಟ್ಟು, ಸಲಿಕೆ ಕೆಳಗಿಟ್ಟ ತಕ್ಷಣ, ಚಳಿ ಅನ್ನಿಸುವ ಮೊದಲೇ, ಹಾಕಿಕೊಳ್ಳಬೇಕು.